ಬರ್ ತೆಗೆಯೋ ಕೆಲಸ: ಅರದಿಂದ ಬ್ರಶ್ಶಿಗೆ ಬಂದ ದಾರಿ

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯ ಜಾಬ್‌ವರ್ಕ್ ಶೆಡ್ಡುಗಳಿಗೆ ಬರುವ ಡ್ರಾಯಿಂಗುಗಳ ಮೂಲೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಬರ್ ತೆಗೆಯಿರಿ, ಚೂಪು ಅಂಚು ಮುರಿಯಿರಿ. ಬರ್ ಎಂದರೆ ಲೋಹ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಸಿಬಿರು. ಎಷ್ಟು ಮುರಿಯಬೇಕು ಅನ್ನುವುದು ಮಾತ್ರ ಅದರಲ್ಲಿ ಇರುವುದಿಲ್ಲ. ಮಾಲು ವಾಪಸ್ ಬಂದಾಗಿನ ಅರ್ಧ ಜಗಳ ಈ ಸಾಲಿನದೇ. ಐಎಸ್‌ಒ 13715 (ಅಂಚು ಹೇಗಿರಬೇಕೆಂದು ಹೇಳುವ ಅಂತರರಾಷ್ಟ್ರೀಯ ಮಾನಕ) ಚಿಹ್ನೆ ಹಾಕಿದ್ದರೆ ತಕರಾರಿಲ್ಲ. ಮೈನಸ್ 0.3 ಎಂದರೆ ಅಂಚಿನಿಂದ 0.3 ಮಿ.ಮೀ.ವರೆಗೆ ತೆಗೆಯಬಹುದು, ಪ್ಲಸ್ ಎಂದರೆ ಅಷ್ಟು ಬರ್ ಇದ್ದರೂ ನಡೆಯುತ್ತದೆ.

ಟೂಲ್ ಲೋಹದಿಂದ ಹೊರಬೀಳುವ ಗಳಿಗೆಯಲ್ಲಿ ಅದರ ಮುಂದೆ ಒತ್ತುಕೊಡಲು ಲೋಹ ಉಳಿದಿರುವುದಿಲ್ಲ. ಹಾಗಾಗಿ ಕೊನೆಯ ಪದರ ಕತ್ತರಿಸಿಕೊಳ್ಳದೆ ಹೊರಕ್ಕೆ ಮಡಚಿಕೊಳ್ಳುತ್ತದೆ. ಅದೇ ಬರ್. ಅದರ ಎತ್ತರ ಕಣ್ಣಿಗೆ ಬೀಳುತ್ತದೆ, ಆದರೆ ಕಾಟ ಕೊಡುವುದು ಬುಡದ ದಪ್ಪ.

ಐಡಿಯಲ್ ಜಾವಾ ಬೈಕುಗಳು ಮೈಸೂರಿನಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಲೇತು, ಮಿಲ್ಲಿಂಗು ಹೆಚ್ಚಾಗಿ ಕೈಯಿಂದಲೇ ನಡೆಯುತ್ತಿತ್ತು. ಒಂದು ಜಾಬಿಗೆ ಇಪ್ಪತ್ತು ನಿಮಿಷ ಹಿಡಿಯುವಲ್ಲಿ ಅರ ಆಡಿಸುವ ಎರಡು ನಿಮಿಷ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಬಂದು ಆ ಇಪ್ಪತ್ತು ಮೂರಕ್ಕೆ ಇಳಿದ ಮೇಲೆ ಅರದ ಎರಡು ನಿಮಿಷವೇ ಇಡೀ ಶೆಡ್ಡನ್ನು ಕಾಯಿಸತೊಡಗಿತು. ಮೇಲಾಗಿ ಬೆಳಗಿನ ಕೈ ಒಂದು ಬಗೆ, ಶಿಫ್ಟ್ ಮುಗಿಯುವ ಹೊತ್ತಿನ ಕೈ ಇನ್ನೊಂದು ಬಗೆ.

ಮೊದಲು ಹೊಳೆದ ಉಪಾಯ ಸ್ಟೀಲ್ ವೈರ್ ಬ್ರಶ್. ತುಕ್ಕಿಗೆ, ವೆಲ್ಡಿಂಗ್ ಕಿಟ್ಟಕ್ಕೆ ಅದು ಸೈ. ಬರ್ ವಿಷಯದಲ್ಲಿ ಮೋಸ. ತಂತಿಗೆ ಹರಿತವಿಲ್ಲ, ಮೆದು ಲೋಹದ ಬರ್ ಅನ್ನು ಅದು ಎಷ್ಟೋ ಸಲ ಅಂಚಿನ ಮೇಲೆ ಮಲಗಿಸಿಬಿಡುತ್ತದೆ. ಬೆರಳಿಗೆ ನುಣ್ಣಗೆ ಸಿಗುತ್ತದೆ, ಗಿರಾಕಿಯ ಹೈಡ್ರಾಲಿಕ್ ವಾಲ್ವಿನೊಳಗೆ ಹೋಗಿ ಕಳಚಿಕೊಳ್ಳುತ್ತದೆ. ಸ್ಟೇನ್‌ಲೆಸ್ ಜಾಬಿಗೆ ಸಾದಾ ಸ್ಟೀಲ್ ತಂತಿ ಹಾಕಿದರೆ ಕಬ್ಬಿಣದ ಕಣ ಅಂಟಿ, ಆಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ.

ದಾರಿ ತೋರಿಸಿದ್ದು ಎರಡು ಹಳೆಯ ಶೋಧಗಳ ಜೋಡಿ. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಉಜ್ಜುವ ಪುಡಿ ಮಾಡಿದ. ಡ್ಯುಪಾಂಟ್ ಕಂಪನಿಯಲ್ಲಿ 1935ರಲ್ಲಿ ನೈಲಾನ್ ಹುಟ್ಟಿತು, 1938ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಹಲ್ಲುಜ್ಜುವ ಬ್ರಶ್ಶಿನ ಎಳೆಯಾಗಿ. ಮುಂದೆ ಆ ಎಳೆಯೊಳಗೇ ಕಾರ್ಬೈಡ್ ಕಣ ಬೆರೆಸಿ ಎಳೆದರು. ಒಂದೊಂದು ಎಳೆಯೂ ಬಾಗುವ ಸಣ್ಣ ಅರ. ನೈಲಾನ್ ಸವೆದಂತೆಲ್ಲ ಹೊಸ ಕಣ ಮೇಲೆ ಬರುತ್ತದೆ, ಹಾಗಾಗಿ ಕೊನೆಯವರೆಗೂ ಹರಿತ ಉಳಿಯುತ್ತದೆ. ಕೊಳ್ಳುವಾಗ ನೈಲಾನ್ ಯಾವುದೆಂದು ಕೇಳಬೇಕು. ನೈಲಾನ್ 6 ತನ್ನ ತೂಕದ ಶೇ. 9ಕ್ಕೂ ಹೆಚ್ಚು ನೀರು ಕುಡಿಯಬಲ್ಲದು, 6.12 ಶೇ. 3ರಷ್ಟು. ಕೂಲಂಟಿನಲ್ಲಿ (ಕತ್ತರಿಸುವಾಗ ಹರಿಸುವ ತಂಪು ದ್ರವ) ಮೊದಲನೆಯದು ಮೆತ್ತಗಾಗುತ್ತದೆ.

ವಿಎಂಸಿಯಲ್ಲಿ (ನೆಟ್ಟಗಿನ ಸ್ಪಿಂಡಲ್ ಇರುವ ಕಂಪ್ಯೂಟರ್ ಮಿಲ್ಲಿಂಗ್ ಮೆಷಿನ್) 150 ಮಿ.ಮೀ. ಡಿಸ್ಕ್ ಬ್ರಶ್ ಕಟ್ಟುವವರು 1000 ಆರ್‌ಪಿಎಂ, 2.5 ಮಿ.ಮೀ. ಒತ್ತು, ನಿಮಿಷಕ್ಕೆ 500 ಮಿ.ಮೀ. ಮುಂದೆ ಸಾಗುವ ಫೀಡ್‌ನಿಂದ ಶುರುಮಾಡಬಹುದು. ಸ್ಟೀಲಿಗೆ 80 ಗ್ರಿಟ್, ಅಲ್ಯೂಮಿನಿಯಮ್ಮಿಗೆ 180 (ಗ್ರಿಟ್ ಎಂದರೆ ಕಣದ ನಂಬರು, ನಂಬರು ಹೆಚ್ಚಿದಷ್ಟೂ ಕಣ ಸಣ್ಣ). ಅರ್ಧ ಪಾಸು ಗಡಿಯಾರದ ದಿಕ್ಕಿಗೆ, ಇನ್ನರ್ಧ ಎದುರು ದಿಕ್ಕಿಗೆ ತಿರುಗಿಸಬೇಕು. ಇಲ್ಲವಾದರೆ ಅಂಚಿನ ಒಂದು ಮಗ್ಗುಲು ದುಂಡಾಗಿ ಇನ್ನೊಂದು ಹಾಗೇ ಉಳಿಯುತ್ತದೆ. ಬರ್ ಹೋಗಲಿಲ್ಲವೆಂದು ಇನ್ನಷ್ಟು ಒತ್ತುವುದು ಎಲ್ಲರೂ ಮಾಡುವ ತಪ್ಪು. ಕೆಲಸ ಮಾಡುವುದು ಎಳೆಯ ತುದಿ. ಒತ್ತಿದರೆ ಎಳೆ ಅಡ್ಡ ಮಲಗುತ್ತದೆ, ಬುಡದಲ್ಲಿ ಬಿಸಿಯಾಗಿ ಮುರಿಯುತ್ತದೆ. ಒರಟು ಗ್ರಿಟ್ಟಿಗೋ ದಪ್ಪ ಎಳೆಗೋ ಬದಲಿಸಬೇಕು, ಇಲ್ಲವೇ ಫೀಡ್ ಇಳಿಸಬೇಕು.

ಇದೇ ಬ್ರಶ್ಶನ್ನು ಕೈ ಗ್ರೈಂಡರಿಗೆ ಸಿಕ್ಕಿಸುವವರೂ ಇದ್ದಾರೆ. 100 ಮಿ.ಮೀ. ಬ್ರಶ್ 11,000 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ದಾಟುತ್ತದೆ. ಒಣಗಿದ್ದಾಗ ನೈಲಾನ್ ತಡೆಯುವುದು 18ರ ಆಸುಪಾಸು. ಕರಗಿದ ನೈಲಾನ್ ಜಾಬಿನ ಮೇಲೆ ಬಣ್ಣದ ಗೆರೆಯಾಗಿ ಬಳಿದುಕೊಂಡು, ಅದನ್ನು ಉಜ್ಜಿ ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ. ಬ್ರಶ್ಶಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಮೀರಿದರೆ ಎಳೆ ಕಿತ್ತು ಮುಖಕ್ಕೇ ಬರುತ್ತದೆ.

ಅಡ್ಡ ರಂಧ್ರ ಇನ್ನೂ ಕಷ್ಟ. 10 ಮಿ.ಮೀ. ಬೋರಿಗೆ (ಜಾಬಿನ ಮುಖ್ಯ ರಂಧ್ರ) ಬದಿಯಿಂದ 6 ಮಿ.ಮೀ. ರಂಧ್ರ ಬಂದು ಸೇರುವಲ್ಲಿ ಡಿಸ್ಕ್ ತಲುಪುವುದಿಲ್ಲ. ಅಲ್ಲಿಗೆ ಎಳೆಯ ತುದಿಯಲ್ಲಿ ಅಪಘರ್ಷಕ ಗುಂಡುಗಳಿರುವ ಹೋನ್ ಬ್ರಶ್ ಬೇಕು. ಅದನ್ನು ಎಣ್ಣೆ ಹಚ್ಚಿ, ತಿರುಗಿಸುತ್ತಲೇ ಒಳಗೆ ಬಿಡಬೇಕು, ತಿರುಗುತ್ತಿರುವಾಗಲೇ ಹೊರಗೆ ಎಳೆಯಬೇಕು. ನಿಂತ ಬ್ರಶ್ ಎಳೆದರೆ ಬೋರಿನುದ್ದಕ್ಕೂ ಉದ್ದುದ್ದ ಗೀರು. ಪರೀಕ್ಷೆಗೆ ದುಬಾರಿ ಉಪಕರಣ ಬೇಡ: ಕಡ್ಡಿಗೆ ಸುತ್ತಿದ ಹತ್ತಿ ಆಡಿಸಿದರೆ ಸಾಕು. ಬರ್ ಉಳಿದಿದ್ದರೆ ನೂಲೆಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನಿನ್ನೆವರೆಗೆ ಸರಿಯಾಗಿ ಹೋಗುತ್ತಿದ್ದ ಬರ್ ಇವತ್ತು ಹೋಗದಿದ್ದರೆ ಬ್ರಶ್ಶನ್ನು ಬೈಯುವ ಮುಂಚೆ ಡ್ರಿಲ್ಲಿನ ಮೊನೆ ನೋಡಬೇಕು. ಮೊಂಡಾದ ಟೂಲಿನಿಂದ ಬುಡ ದಪ್ಪಗಾದ ಬರ್ ಬ್ರಶ್ಶಿಗೆ ಜಗ್ಗುವುದಿಲ್ಲ, ಅದರ ಚೂಪು ಮಾತ್ರ ದುಂಡಗಾಗುತ್ತದೆ. ಇನ್ನು, ಬ್ರಶ್ಶಿನಿಂದ ಉದುರುವ ಕಾರ್ಬೈಡ್ ಕಣ ಕೂಲಂಟಿನ ಜತೆ ತಿರುಗಿ ಸ್ಲೈಡುಗಳನ್ನೂ ಪಂಪನ್ನೂ ತಿನ್ನುತ್ತದೆ. ಆದ್ದರಿಂದ ಬ್ರಶ್ ಓಡಿಸುವ ಮೆಷಿನ್ನಿನ ಟ್ಯಾಂಕಿಗೆ ಬೇರೆ ಮೆಷಿನ್ನುಗಳದಕ್ಕಿಂತ ಸಣ್ಣ ಕಣ್ಣಿನ ಫಿಲ್ಟರ್ ಹಾಕಬೇಕು, ಜಾಬನ್ನು ಬೋರಿನ ಒಳಗೂ ಬ್ರಶ್ ಆಡಿಸಿ ತೊಳೆದೇ ಪ್ಯಾಕ್ ಮಾಡಬೇಕು.