ಹೊನ್ನೆ ಲೋಟದ ನೀಲಿ

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವವರು ನಮ್ಮಲ್ಲಿ ತುಂಬಾ ಜನ. ಕುಡಿಯುವ ಮುಂಚೆ ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿಯಿರಿ. ನೀರಿನ ಮೂಲಕ ಬೆಳಕು ನೋಡಿದರೆ ಜೇನಿನ ಬಣ್ಣ. ಬಿಸಿಲಿಗೆ ಬೆನ್ನು ಮಾಡಿ, ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದರೆ ಅದೇ ನೀರಿನ ಅಂಚಿನಲ್ಲಿ ತೆಳು ನೀಲಿ!

ಮರದ ಚೇಗಿನಿಂದ, ಅಂದರೆ ಒಳಗಿನ ಗಟ್ಟಿ ಭಾಗದಿಂದ, ನೀರಿಗಿಳಿದ ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ನೀಲಿ ಬೆಳಕನ್ನು ಹೊರಬಿಡುತ್ತವೆ. ಇದೇ ಪ್ರತಿದೀಪ್ತಿ. 16ನೇ ಶತಮಾನದಲ್ಲಿ ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್, ನೀರನ್ನು ನೀಲಿಯಾಗಿಸುವ ಮೆಕ್ಸಿಕೊದ ಔಷಧಿ ಕಟ್ಟಿಗೆಯ ಬಗ್ಗೆ ಬರೆದ. 1664ರಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಅಂಥದ್ದೇ ನೀರಿಗೆ ಆಮ್ಲ ಹಾಕಿದ, ನೀಲಿ ಮಾಯ. ಕ್ಷಾರ ಹಾಕಿದ, ಮತ್ತೆ ಬಂತು. ಆ ಕಟ್ಟಿಗೆ ಯಾವ ಮರದ್ದು ಎಂಬ ಗೊಂದಲ ಬಗೆಹರಿದದ್ದು 1915ರಲ್ಲಿ. ಕಟ್ಟಿಗೆಯ ಚೂರುಗಳು ಮೆಕ್ಸಿಕೊದ ಒಂದು ಗಿಡದ್ದು, ಆದರೆ ಅದರದ್ದೆಂದೇ ಹೆಸರಾಗಿದ್ದ ಲೋಟಗಳು ಫಿಲಿಪ್ಪೀನ್ಸಿನ ನಾರ್ರಾ ಮರದವು ಎಂದು ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಸ್ಯಾಫರ್ಡ್ ತೋರಿಸಿಕೊಟ್ಟ.

ನಾರ್ರಾ ನಮ್ಮ ಹೊನ್ನೆಯ ಹತ್ತಿರದ ನೆಂಟ. ಎರಡೂ ಟೆರೋಕಾರ್ಪಸ್ ಕುಲದವು. ಅಂಡಮಾನಿನ ಪಡೌಕ್, ಶೇಷಾಚಲದ ರಕ್ತಚಂದನ ಕೂಡ ಇದೇ ಕುಲ. ತೊಗರಿ, ಅವರೆಯ ಕುಟುಂಬವಾದರೂ ಇವುಗಳ ಕಾಯಿ ಸಿಡಿದು ಬೀಜ ಚೆಲ್ಲುವುದಿಲ್ಲ. ನಡುವೆ ಬೀಜ, ಸುತ್ತ ಕಾಗದದಂಥ ದುಂಡು ರೆಕ್ಕೆ. ಗಾಳಿ ಹೊತ್ತುಕೊಂಡು ಹೋಗುತ್ತದೆ.

ಹೊನ್ನೆಯ ತೊಗಟೆಗೆ ಕಚ್ಚು ಹಾಕಿದರೆ ಕೆಂಪು ಅಂಟು ಒಸರಿ, ಒಣಗಿ ಗಾಜಿನಂತಾಗುತ್ತದೆ. ಬಾಯಿಗಿಟ್ಟರೆ ಒಗರೋ ಒಗರು. ಅದರ ತುಂಬ ಟ್ಯಾನಿನ್ ಎಂಬ ಒಗರು ವಸ್ತು. ಹಿಂದೆ ಭೇದಿಗೂ, ತೊಗಲು ಹದ ಮಾಡಲಿಕ್ಕೂ ಬಳಸುತ್ತಿದ್ದರು. ಚೇಗಿನಲ್ಲಿ ತುಂಬಿಕೊಂಡ ಇಂಥ ವಸ್ತುಗಳಿಂದಲೇ ಮರ ಗೆದ್ದಲು, ಶಿಲೀಂಧ್ರಗಳನ್ನು ತಡೆಯುತ್ತದೆ. ನಾವು ಕೊಡಲಿ ಹಿಡಿದು ಬರುವುದೂ ಆ ಚೇಗಿಗಾಗಿಯೇ. ಗಂಧದ ವಾಸನೆಯೇ ಇಲ್ಲದ ರಕ್ತಚಂದನವನ್ನು ಅದರ ಕೆಂಪಿಗಾಗಿ ಎಷ್ಟು ಕಡಿದರೆಂದರೆ, 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿದ್ದಿದೆ.

ಸಕ್ಕರೆ ಕಾಯಿಲೆಗೆ ಹೊನ್ನೆ ಕೆಲಸ ಮಾಡುತ್ತದಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗವೊಂದು 1998ರಲ್ಲಿ ಭರವಸೆಯ ಫಲಿತಾಂಶ ಕೊಟ್ಟಿತ್ತು, ನಿಜ. ಆದರೆ ಅಲ್ಲಿ ಕೊಟ್ಟದ್ದು ಅಳತೆ ಮಾಡಿದ ಸಾರ. ಲೋಟದ ನೀರಿಗೆ ಅಂಥ ಅಳತೆ ಎಲ್ಲಿದೆ? ಇದನ್ನೇ ನಂಬಿ ಮಾತ್ರೆ ಬಿಡಬೇಡಿ.

ದಿನಾ ನೀರು ತುಂಬಿದರೆ ಲೋಟದ ಬಣ್ಣ ಕ್ರಮೇಣ ತೀರುತ್ತದೆ. ಆಗ ಅದನ್ನೆಸೆದು ಹೊಸದು ಕೊಳ್ಳುತ್ತೇವೆ. ನೀರಿಗೆ ಬಣ್ಣ ಬರಲು ಲೋಟವೇ ಬೇಕಿಲ್ಲ ಅಲ್ವಾ? ಬಾಗಿಲು ಮಾಡುವಾಗ ಬಡಗಿ ಕೆತ್ತಿ ಉದುರಿಸಿದ ಹೊನ್ನೆಯ ಚಕ್ಕೆ ನೆನೆಸಿದರೂ ಅದೇ ಜೇನು, ಅದೇ ನೀಲಿ.