ಕೈಪಂಪಿನ ಸ್ಯಾಂಪಲ್: ಕದಡಿದರೆ ಕೆಟ್ಟಿತು

ಅಂತರ್ಜಲ ಪರೀಕ್ಷಿಸುವ ಲ್ಯಾಬಿನಲ್ಲಿ ಎಷ್ಟೇ ದುಬಾರಿ ಯಂತ್ರ ಇರಲಿ, ಅದಕ್ಕೆ ಗೊತ್ತಿರುವುದು ಬಾಟಲಿಯೊಳಗಿನ ನೀರು ಮಾತ್ರ. ನೆಲದೊಳಗೆ ಇದ್ದ ನೀರೇ ಬಾಟಲಿಗೂ ಬರಬೇಕಾದರೆ ಪಂಪು ಸರಿಯಿರಬೇಕು, ಕೈಯೂ ಸರಿಯಿರಬೇಕು.

ಮೊದಲು ಸ್ಯಾಂಪಲ್ ತೆಗೆಯುವ ಕೊಳವೆಬಾವಿಯ ನೀರಿನ ಮಟ್ಟ ಅಳೆಯಿರಿ. ಮೇಲೆ ಕೂತು ಹೀರುವ ಪಂಪಿಗೆ 7-8 ಮೀಟರ್ ಆಳವೇ ಮಿತಿ. ಅಲ್ಲಿ ತೋಳ್ಬಲ ಕೆಲಸಕ್ಕೆ ಬರುವುದಿಲ್ಲ. ಹೀರುವಾಗ ಒತ್ತಡ ಇಳಿದು ನೀರಲ್ಲಿ ಕರಗಿದ್ದ ಅನಿಲವೂ ಹೊರಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಹೋದರೆ ಪಿಎಚ್ ಏರುತ್ತದೆ, ಅಂದರೆ ನೀರಿನ ಆಮ್ಲೀಯತೆ ಇಳಿಯುತ್ತದೆ. ಬೆಂಜೀನ್‌ನಂಥ ಬೇಗ ಆವಿಯಾಗುವ ರಾಸಾಯನಿಕಗಳು ಹಾರಿಹೋಗುತ್ತವೆ. ಎಷ್ಟೋ ಸಲ ನಾವು ಹುಡುಕುತ್ತಿರುವುದೇ ಅದನ್ನು, ಅಲ್ವಾ?

ಆಳ ಜಾಸ್ತಿ ಇದ್ದರೆ ನನ್ನ ಆಯ್ಕೆ ಫುಟ್ ವಾಲ್ವ್ ಇರುವ ಪೈಪು. ತುದಿಯ ವಾಲ್ವಿನಲ್ಲಿ ಒಂದು ಗುಂಡು, ಅಷ್ಟೇ. ಪೈಪನ್ನು ಎತ್ತಿದಾಗ ಗುಂಡು ಕೂತು ಬಾಯಿ ಮುಚ್ಚುತ್ತದೆ, ಒಳಗಿನ ನೀರೂ ಜೊತೆಗೇ ಏರುತ್ತದೆ. ಪೈಪನ್ನು ಫಟ್ಟನೆ ಇಳಿಸಿದರೂ ನೀರು ಅದೇ ರಭಸದಲ್ಲಿ ಏರುತ್ತಿರುತ್ತದೆ. ಆಗ ಗುಂಡು ಎದ್ದು ಹೊಸ ನೀರು ಒಳಗೆ ಬರುತ್ತದೆ. ಕರೆಂಟ್ ಬೇಡ. ಹೂಳು ಸಿಕ್ಕಿಕೊಂಡು ಗುಂಡು ಕೂರದಿದ್ದರೆ ಮಾತ್ರ ಸುಮ್ನೆ ಕುಲುಕುತ್ತಿರಬೇಡಿ, ಬಿಚ್ಚಿ ತೊಳೆಯಿರಿ.

ಇದರ ಕೆಟ್ಟ ಗುಣ ಕದಡುವುದು. ಪೈಪು ತಳಕ್ಕೆ ಬಡಿದರೆ ಹೂಳೆಲ್ಲ ಏಳುತ್ತದೆ. ಮಣ್ಣಿನ ಕಣಕ್ಕೆ ಅಂಟಿದ್ದ ಕಬ್ಬಿಣ, ಸೀಸ ಆಸಿಡ್ ಹಾಕಿದ ಬಾಟಲಿಯಲ್ಲಿ ಕರಗುತ್ತವೆ. ವರದಿಯಲ್ಲಿ ಅವು ನೀರಲ್ಲೇ ಇದ್ದಂತೆ ಕಾಣುತ್ತವೆ. ಅದಕ್ಕೇ ತುದಿಯನ್ನು ತಳ ಬಿಟ್ಟು ಮೇಲೆ, ಕೇಸಿಂಗಿನಲ್ಲಿ (ಬಾವಿಯೊಳಗೆ ಇಳಿಸಿದ ಕೊಳವೆ) ನೀರು ಒಳಬರುವ ಸೀಳುಗಳಿರುವ ಭಾಗಕ್ಕೆ ನಿಲ್ಲಿಸಿ.

ನಿಂತ ನೀರನ್ನು ಮೊದಲು ಹೊರಹಾಕಬೇಕು. ಬಾವಿಯಲ್ಲಿರುವ ನೀರಿನ ಮೂರು ಪಟ್ಟು ಎತ್ತಬೇಕು ಅನ್ನುವುದು ಹಳೆಯ ಲೆಕ್ಕ. 50 ಮಿಲಿಮೀಟರ್ ಕೇಸಿಂಗಿನಲ್ಲಿ ಮೀಟರಿಗೆ ಸುಮಾರು 2 ಲೀಟರ್ ನೀರಿರುತ್ತದೆ. 10 ಮೀಟರ್ ನೀರಿದ್ದರೆ 60 ಲೀಟರ್ ಎತ್ತಬೇಕು. ಎತ್ತಿದವರಿಗೇ ಗೊತ್ತು ಅದರ ಕಷ್ಟ! ನಾನು ಪಿಎಚ್, ವಾಹಕತೆ (ನೀರು ವಿದ್ಯುತ್ ಹರಿಸುವ ಪ್ರಮಾಣ) ಅಳೆಯುವ ಮೀಟರನ್ನೇ ಜಾಸ್ತಿ ನಂಬುತ್ತೇನೆ. ನಿಧಾನಕ್ಕೆ ಎತ್ತುತ್ತಾ, ಸತತ ಮೂರು ಸಲ ಅಳೆದಾಗ ಪಿಎಚ್ ವ್ಯತ್ಯಾಸ 0.1ರೊಳಗೆ, ವಾಹಕತೆಯ ವ್ಯತ್ಯಾಸ 3%ರೊಳಗೆ ನಿಂತರೆ ಬಾಟಲಿ ಹಿಡಿಯಬಹುದು.

ಹಾರಿಹೋಗುವ ರಾಸಾಯನಿಕಗಳಿಗೆ ಕೊಡುವ 40 ಮಿಲಿಲೀಟರ್ ಶೀಶೆಯನ್ನು ಅಂಚಿನವರೆಗೆ ತುಂಬಿ, ಮುಚ್ಚಳ ಹಾಕಿ, ತಲೆಕೆಳಗೆ ಮಾಡಿ ಬೆರಳಲ್ಲಿ ತಟ್ಟಿ. ಗುಳ್ಳೆ ಕಂಡರೆ ಹೊಸ ಶೀಶೆ ತಗೊಳ್ಳಿ. ಒಂದು ಬಾವಿಗೆ ಇಳಿಸಿದ ಪೈಪನ್ನು ಇನ್ನೊಂದಕ್ಕೆ ಇಳಿಸಲೇಬೇಡಿ.