ಕೊನೆಯ ಅಂಕಿಯೋ, ಒಳ್ಳೆಯ ಅಂಕಿಯೋ: ಲಾಗ್ ಆದ ಮೆಟ್ರಿಕ್‌ಗಳನ್ನು ಕೋಡ್‌ನಿಂದ ಹಿಂಪಡೆಯುವುದು

ಯಂತ್ರಕಲಿಕೆಯ ಮಾದರಿಗೆ ತರಬೇತಿ ಕೊಡುವಾಗ ಅದರ ಮೆಟ್ರಿಕ್‌ಗಳನ್ನು (ಅಳತೆಗಳನ್ನು) ಲಾಗ್ ಮಾಡುವುದನ್ನು, ಅಂದರೆ ದಾಖಲಿಸುವುದನ್ನು, ಎಲ್ಲರೂ ಕಲಿಸುತ್ತಾರೆ. ಲಾಗ್ ಆದದ್ದನ್ನು ಮರಳಿ ತೆಗೆಯುವ ಪಾಠ ಮಾತ್ರ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಐದಾರು ರನ್‌ಗಳಿದ್ದಾಗ (ರನ್ ಎಂದರೆ ಒಂದು ಸಲದ ತರಬೇತಿ) ಬ್ರೌಸರ್‌ನಲ್ಲಿ ಗ್ರಾಫ್ ನೋಡಿ ನೋಟ್ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು. ನಲವತ್ತಾದಾಗ ಕಣ್ಣು ಸೋಲುತ್ತದೆ. ಆಗ ಕೋಡ್ ಬೇಕು. ನಾನು ಎಡವಿದ ಜಾಗಗಳನ್ನೇ ಇಲ್ಲಿ ಹೆಚ್ಚಾಗಿ ಬರೆದಿದ್ದೇನೆ. ಫಂಕ್ಷನ್‌ಗಳ ಹೆಸರು ಕನ್ನಡ ಲಿಪಿಯಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಮೊದಲು ಎಂಎಲ್‌ಫ್ಲೋ. ಇಂಥ ಲಾಗ್‌ಗಳನ್ನು ಇಟ್ಟುಕೊಳ್ಳಲು 2018ರಲ್ಲಿ ಡೇಟಾಬ್ರಿಕ್ಸ್ ಕಂಪನಿ ಹೊರತಂದ ಮುಕ್ತ ತಂತ್ರಾಂಶವಿದು. ಇದರ ಸರ್ಚ್_ರನ್ಸ್ ಫಂಕ್ಷನ್‌ಗೆ ಪ್ರಯೋಗದ ಹೆಸರು ಕೊಟ್ಟರೆ ಪಾಂಡಾಸ್ ಡೇಟಾಫ್ರೇಮ್ (ಪೈಥಾನ್‌ನಲ್ಲಿ ಬಳಸುವ ಕೋಷ್ಟಕ) ಒಂದು ಕೈಗೆ ಬರುತ್ತದೆ: ರನ್‌ಗೆ ಒಂದು ಸಾಲು, ಮೆಟ್ರಿಕ್‌ಗೆ ಒಂದು ಕಾಲಂ. ಕಾಲಂ ಹೆಸರು ‘ಮೆಟ್ರಿಕ್ಸ್.ವ್ಯಾಲ್_ಲಾಸ್’ ಎಂಬಂತೆ ನಡುವೆ ಚುಕ್ಕಿ ಇಟ್ಟುಕೊಂಡೇ ಬರುವುದರಿಂದ ಅದನ್ನು ಚೌಕ ಆವರಣದೊಳಗೆ ಉದ್ಧರಣ ಚಿಹ್ನೆ ಹಾಕಿಯೇ ಕರೆಯಬೇಕು.

ನಾನು ಮೋಸಹೋದದ್ದು ಇಲ್ಲೇ. ಆ ಕಾಲಂನಲ್ಲಿರುವುದು ಕೊನೆಯ ಮೌಲ್ಯ, ಅಂದರೆ ಅತಿ ದೊಡ್ಡ ಸ್ಟೆಪ್‌ನಲ್ಲಿ (ತರಬೇತಿಯ ಹೆಜ್ಜೆಯ ಸಂಖ್ಯೆಯಲ್ಲಿ) ದಾಖಲಾದದ್ದು. ಅದು ಅತ್ಯುತ್ತಮ ಮೌಲ್ಯವೇ ಆಗಿರಬೇಕಿಲ್ಲ. ಒಂದು ರನ್‌ನ ವ್ಯಾಲಿಡೇಶನ್ ಲಾಸ್ (ತರಬೇತಿಗೆ ಬಳಸದ ದತ್ತಾಂಶದ ಮೇಲಿನ ತಪ್ಪಿನ ಅಳತೆ; ಕಡಿಮೆಯಾದಷ್ಟೂ ಒಳ್ಳೆಯದು) ಆರು ಎಪೋಕ್‌ಗಳಲ್ಲಿ (ದತ್ತಾಂಶದ ಪೂರ್ತಿ ಸುತ್ತುಗಳಲ್ಲಿ) 0.61, 0.44, 0.38, 0.35, 0.41, 0.52 ಎಂದು ಸಾಗಿತು ಎನ್ನಿ. ಇನ್ನೊಂದು ರನ್ ಮೆಲ್ಲಗೆ ಇಳಿದು 0.43ಕ್ಕೆ ನಿಂತಿತು. ಡೇಟಾಫ್ರೇಮ್‌ನಲ್ಲಿ ಮೊದಲನೆಯದಕ್ಕೆ 0.52, ಎರಡನೆಯದಕ್ಕೆ 0.43 ಕಾಣುತ್ತದೆ. ಏರಿಕೆ ಕ್ರಮದಲ್ಲಿ ಜೋಡಿಸಿದರೆ ಎರಡನೆಯದೇ ಗೆದ್ದಿತು. ನಾಲ್ಕನೆಯ ಎಪೋಕ್‌ನಲ್ಲಿ 0.35 ಮುಟ್ಟಿದ್ದ ಮಾದರಿಯನ್ನು ನಾವೇ ಕಸಕ್ಕೆ ಹಾಕಿದೆವು. ಒಂದು ವಾರದ ಹೋಲಿಕೆಯನ್ನು ನಾನು ಹೀಗೆಯೇ ತಪ್ಪಾಗಿ ಬರೆದಿಟ್ಟಿದ್ದೆ. ಆ 0.35ರ ಚೆಕ್‌ಪಾಯಿಂಟ್ (ಆ ಹಂತದ ಮಾದರಿಯ ಪ್ರತಿ) ಉಳಿಸಿಕೊಂಡಿರದಿದ್ದರೆ ಗೊತ್ತಾಗಿಯೂ ಉಪಯೋಗವಿಲ್ಲ, ಅದು ಬೇರೆ ಮಾತು.

ಪೂರ್ತಿ ಇತಿಹಾಸ ಬೇಕಾದರೆ ಎಂಎಲ್‌ಫ್ಲೋಕ್ಲೈಂಟ್ ಎಂಬ ಕ್ಲಾಸ್‌ನ ಗೆಟ್_ಮೆಟ್ರಿಕ್_ಹಿಸ್ಟರಿ ಇದೆ. ಅದಕ್ಕೆ ಒಂದು ರನ್ ಐಡಿ, ಒಂದು ಮೆಟ್ರಿಕ್ ಹೆಸರು ಕೊಡಬೇಕು. ಪ್ರತಿ ದಾಖಲೆಗೂ ಮೌಲ್ಯ, ಸ್ಟೆಪ್ ಮತ್ತು ಕಾಲಮುದ್ರೆ ಇರುವ ಪಟ್ಟಿ ಮರಳುತ್ತದೆ. ಒಮ್ಮೆಗೆ ಒಂದೇ ರನ್, ಒಂದೇ ಮೆಟ್ರಿಕ್ ಎಂಬುದನ್ನು ಮರೆಯಬೇಡಿ: 40 ರನ್, 3 ಮೆಟ್ರಿಕ್ ಎಂದರೆ 120 ಕರೆ. ಸರ್ವರ್ ದೂರದಲ್ಲಿದ್ದರೆ ಕಾಫಿ ಕುಡಿದು ಬರಬಹುದು. ಆದ್ದರಿಂದ ಮೊದಲು ಸರ್ಚ್_ರನ್ಸ್‌ನ ಫಿಲ್ಟರ್‌ನಿಂದ ರನ್‌ಗಳನ್ನು ಸೋಸಿ, ಉಳಿದವುಗಳ ಇತಿಹಾಸವನ್ನಷ್ಟೇ ತರಿಸಿ, ಒಂದು ಪಾರ್ಕೆ (ಕೋಷ್ಟಕ ಉಳಿಸುವ ಒಂದು ರೂಪ) ಕಡತಕ್ಕೆ ಉಳಿಸಿಕೊಳ್ಳುತ್ತೇನೆ. ಮೆಟ್ರಿಕ್ ಮೇಲೆ ಮಾತ್ರ ಸೋಸಬೇಡಿ; ಅಲ್ಲಿಯೂ ಹೋಲಿಕೆಯಾಗುವುದು ಅದೇ ಕೊನೆಯ ಮೌಲ್ಯ.

ಇತಿಹಾಸ ಬಂದ ಮೇಲೂ ಒಂದು ತೊಡಕಿದೆ. ಲಾಗ್ ಮಾಡುವಾಗ ಸ್ಟೆಪ್ ಕೊಡದಿದ್ದರೆ ಎಂಎಲ್‌ಫ್ಲೋ ಎಲ್ಲಕ್ಕೂ 0 ಎಂದೇ ಬರೆಯುತ್ತದೆ. ಗ್ರಾಫ್ ಎಳೆದರೆ ನೆಟ್ಟಗೆ ನಿಂತ ಒಂದು ಗೆರೆ! ಹಾಗಾದಾಗ ಕಾಲಮುದ್ರೆಯ ಮೇಲೆ ಜೋಡಿಸಿ ಕ್ರಮವನ್ನು ಮರಳಿ ಕಟ್ಟಬಹುದು. ಕಾಲಮುದ್ರೆ ಮಿಲಿಸೆಕೆಂಡ್‌ಗಳಲ್ಲಿರುತ್ತದೆ, ಸೆಕೆಂಡ್ ಅಲ್ಲ. ಡೇಟಾಫ್ರೇಮ್‌ನಲ್ಲಿರುವ ರನ್‌ನ ಆರಂಭದ ಸಮಯವೋ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿರುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಜಾವ 2 ಗಂಟೆಗೆ ಹಚ್ಚಿಟ್ಟ ರನ್ ಹಿಂದಿನ ದಿನದ ರಾತ್ರಿ 8.30ಕ್ಕೆ ಕಾಣಿಸಿಕೊಂಡರೆ ಗಾಬರಿಯಾಗಬೇಡಿ.

ಪ್ಯಾರಾಮೀಟರ್‌ಗಳು (ರನ್‌ಗೆ ನಾವು ಕೊಟ್ಟ ಸೆಟ್ಟಿಂಗ್‌ಗಳು) ಸಂಖ್ಯೆಯಂತೆ ಕಂಡರೂ ಅಕ್ಷರಸರಣಿಗಳು. ಬ್ಯಾಚ್ ಗಾತ್ರದ ಮೇಲೆ ಜೋಡಿಸಿದರೆ 128, 16, 32, 64 ಎಂಬ ನಿಘಂಟಿನ ಕ್ರಮ ಬರುತ್ತದೆ. ಪಾಂಡಾಸ್‌ನ ಟು_ನ್ಯೂಮೆರಿಕ್ ದಾಟಿಸದೆ ಮುಂದೆ ಹೋಗಬೇಡಿ. ಇನ್ನು ಮೆಟ್ರಿಕ್ ಕಾಲಂನಲ್ಲಿ ‘ನ್ಯಾನ್’ (ಸಂಖ್ಯೆಯಲ್ಲ ಎಂಬ ಗುರುತು) ಕಂಡರೆ ಅದಕ್ಕೆ ಎರಡು ಅರ್ಥ: ಆ ರನ್ ಮೆಟ್ರಿಕ್ಕನ್ನು ಲಾಗ್ ಮಾಡಲೇ ಇಲ್ಲ, ಅಥವಾ ಲಾಸ್ ಕೈಮೀರಿ ನಿಜವಾಗಿಯೂ ನ್ಯಾನ್ ಆಯಿತು. ಸರಾಸರಿ ತೆಗೆಯುವಾಗ ಪಾಂಡಾಸ್ ಎರಡನ್ನೂ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕುಸಿದುಬಿದ್ದ ರನ್‌ಗಳನ್ನು ಬಿಟ್ಟು ತೆಗೆದ ಸರಾಸರಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಎಂಎಲ್‌ಫ್ಲೋ ಬದಲು ಅಂಥದ್ದೇ ಇನ್ನೊಂದು ಸಾಧನವಾದ ವೇಟ್ಸ್ ಅಂಡ್ ಬಯಾಸಸ್ ಬಳಸುವವರಿಗೆ ಬಲೆ ಬೇರೆ ಕಡೆ ಇದೆ. ಅಲ್ಲಿ ರನ್‌ನ ಸಮ್ಮರಿಯಲ್ಲಿ (ಸಾರಾಂಶದಲ್ಲಿ) ಸಾಮಾನ್ಯವಾಗಿ ಇರುವುದು ಕೊನೆಯ ಮೌಲ್ಯವೇ. ಡಿಫೈನ್_ಮೆಟ್ರಿಕ್‌ನಲ್ಲಿ ‘ಮಿನ್’ ಎಂದು ಮೊದಲೇ ಹೇಳಿದ್ದರೆ ಕನಿಷ್ಠ ಮೌಲ್ಯ ಸಿಗುತ್ತದೆ. ಇತಿಹಾಸಕ್ಕೆಂದು ಎಲ್ಲರೂ ಮೊದಲು ಕರೆಯುವುದು ಹಿಸ್ಟರಿ ಫಂಕ್ಷನ್ನನ್ನು. ಅದು ತಾನಾಗಿ ಕೊಡುವುದು ಅಲ್ಲಲ್ಲಿಂದ ಆಯ್ದ 500 ಬಿಂದುಗಳನ್ನು ಮಾತ್ರ. 20,000 ಸ್ಟೆಪ್ ಓಡಿದ ರನ್‌ನಲ್ಲಿ ನೀವು ಹುಡುಕುವ ಕನಿಷ್ಠ ಬಿಂದು ಆ 500ರಲ್ಲಿ ಇಲ್ಲದೇ ಹೋಗಬಹುದು. ಗ್ರಾಫ್‌ಗೆ ಇದು ಸಾಕು, ಲೆಕ್ಕಕ್ಕೆ ಸಾಲದು. ಲೆಕ್ಕಕ್ಕೆ ಸ್ಕ್ಯಾನ್_ಹಿಸ್ಟರಿ ಬಳಸಿ. ನಿಧಾನ, ಆದರೆ ಒಂದು ಸಾಲನ್ನೂ ಬಿಡುವುದಿಲ್ಲ. ಅದಕ್ಕೆ ಎರಡು ಮೆಟ್ರಿಕ್‌ಗಳ ಹೆಸರು ಒಟ್ಟಿಗೆ ಕೊಟ್ಟರೆ ಎರಡೂ ಇರುವ ಸಾಲುಗಳು ಮಾತ್ರ ಬರುತ್ತವೆ. ಟ್ರೇನ್ ಲಾಸ್ ಪ್ರತಿ ಸ್ಟೆಪ್‌ಗೆ, ವ್ಯಾಲಿಡೇಶನ್ ಲಾಸ್ ಎಪೋಕ್‌ಗೊಮ್ಮೆ ಪ್ರತ್ಯೇಕವಾಗಿ ಲಾಗ್ ಆಗಿದ್ದರೆ ಕೈಗೆ ಬರುವುದು ಖಾಲಿ ಪಟ್ಟಿಯೂ ಆಗಬಹುದು. ಬೇರೆ ಬೇರೆಯಾಗಿ ತಂದು ಜೋಡಿಸಿಕೊಳ್ಳಿ.

ಇಂಥದ್ದೇ ಮೂರನೆಯ ಸಾಧನ ಟೆನ್ಸರ್‌ಬೋರ್ಡ್‌ನ ಕಡತಗಳನ್ನು ಇವೆಂಟ್‌ಅಕ್ಯುಮುಲೇಟರ್ ಎಂಬ ಕ್ಲಾಸ್‌ನಿಂದ ಓದಬಹುದು. ಮೊದಲು ರೀಲೋಡ್ ಕರೆಯಬೇಕು. ಕರೆಯದಿದ್ದರೆ ಏನೂ ಸಿಗದು. ಅದು ಒಂದು ಟ್ಯಾಗ್‌ಗೆ (ಮೆಟ್ರಿಕ್‌ನ ಹೆಸರಿಗೆ) 10,000 ಸ್ಕೇಲಾರ್‌ಗಳನ್ನಷ್ಟೇ (ಬಿಡಿ ಸಂಖ್ಯೆಗಳನ್ನಷ್ಟೇ) ಇಟ್ಟುಕೊಂಡು ಉಳಿದವನ್ನು ಕೈಬಿಡುತ್ತದೆ. ತರಬೇತಿಯ ತಂತ್ರಾಂಶವಾದ ಟೆನ್ಸರ್‌ಫ್ಲೋ 2 ಸ್ಕೇಲಾರ್‌ಗಳನ್ನೂ ಟೆನ್ಸರ್ (ಸಂಖ್ಯೆಗಳ ಸಾಲು-ಕೋಷ್ಟಕ) ರೂಪದಲ್ಲಿ ಬರೆಯುತ್ತದೆ, ಟೆನ್ಸರ್‌ಗಳ ಮಿತಿ ಬರೀ 10. ಸೈಜ್_ಗೈಡೆನ್ಸ್‌ನಲ್ಲಿ 0 ಎಂದು ಕೊಟ್ಟರೆ ಎಲ್ಲವೂ ಉಳಿಯುತ್ತವೆ. ಅಂಥದ್ದೇ ಇನ್ನೊಂದು ತಂತ್ರಾಂಶವಾದ ಪೈಟಾರ್ಚ್‌ನಿಂದ ಬರೆದ ಕಡತಗಳಲ್ಲಿ ಈ ಎರಡನೆಯ ತಾಪತ್ರಯವಿಲ್ಲ.

ಈಗ ನಾನು ತರಬೇತಿಯ ಲೂಪ್‌ನೊಳಗೇ ‘ಬೆಸ್ಟ್_ವ್ಯಾಲ್_ಲಾಸ್’ ಎಂಬ ಪ್ರತ್ಯೇಕ ಮೆಟ್ರಿಕ್ಕನ್ನೂ ಅದು ಬಂದ ಎಪೋಕ್ಕನ್ನೂ ಲಾಗ್ ಮಾಡುತ್ತೇನೆ. ಹೊಸ ರನ್‌ಗಳಿಗೆ ಸರ್ಚ್_ರನ್ಸ್ ಒಂದೇ ಸಾಕಾಗುತ್ತದೆ. ಹಳೆಯವುಗಳಿಗೂ ದಾರಿಯಿದೆ: ಎಂಎಲ್‌ಫ್ಲೋಕ್ಲೈಂಟ್‌ನ ಲಾಗ್_ಮೆಟ್ರಿಕ್‌ಗೆ ಮುಗಿದ ರನ್‌ನ ಐಡಿ ಕೊಟ್ಟರೂ ಬರೆಯಲು ಬಿಡುತ್ತದೆ. ಇತಿಹಾಸ ಓದಿ, ಕನಿಷ್ಠ ಹುಡುಕಿ, ಅದೇ ರನ್‌ಗೆ ಮರಳಿ ಬರೆಯುವ ಹತ್ತು ಸಾಲಿನ ಲೂಪ್ ನನ್ನ ನಲವತ್ತು ರನ್‌ಗಳ ಮೇಲೆ ಓಡಿತು. ಪಟ್ಟಿಯ ಮೇಲಿನ ಮೂರು ಹೆಸರುಗಳೂ ಬದಲಾದವು.